ಕ್ರಿಸ್ಮಸ್ ಕಾಲದ ದಾನ ಮತ್ತು ಸೇವೆ: ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಸಭೆಗಳಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಕಳೆದು ಜನವರಿ ಬಂದಾಗ ಅನೇಕ ಕ್ರೈಸ್ತ ಸಭೆಗಳಿಂದ ಒಂದೇ ಬಗೆಯ ದೂರುಗಳು ಕೇಳಿಬರುತ್ತವೆ. ಹಂಚಲೆಂದು ತಂದ ಹೊದಿಕೆಗಳಲ್ಲಿ ಒಂದಷ್ಟು ದೇವಾಲಯದ (ಚರ್ಚಿನ) ಹಿಂಬದಿಯ ಕೋಣೆಯಲ್ಲಿಯೇ ಉಳಿದಿರುತ್ತವೆ. ಒಂದೇ ಮನೆಗೆ ಮೂರು ಕಡೆಯಿಂದ ದಿನಸಿ ಹೋಗಿರುತ್ತದೆ, ಅದರ ಹಿಂದಿನ ಓಣಿಗೆ ಯಾರೂ ಹೋಗಿರುವುದಿಲ್ಲ. ಕಾಣಿಕೆಯ ಲೆಕ್ಕ ವಾರ್ಷಿಕ ಸಭೆಯಲ್ಲಿ ಮನಸ್ತಾಪಕ್ಕೆ ಕಾರಣವಾಗುತ್ತದೆ. ಕೊಡುವ ಮನಸ್ಸಿಗೆ ಇಲ್ಲಿ ಕೊರತೆಯಿಲ್ಲ, ಕೆಲಸದ ಕ್ರಮ ತಲೆಕೆಳಗಾಗಿದೆ. ಮೊದಲು ಹಣ ಕೂಡಿಸಿ, ಆ ಹಣಕ್ಕೆ ಸಾಮಾನು ತಂದು, ಕೊನೆಗೆ ಯಾರಿಗೆ ಕೊಡುವುದೆಂದು ಹುಡುಕುತ್ತೇವೆ. ಮೊದಲು ಜನರನ್ನು ಕಂಡು, ಅವರಿಗೆ ಬೇಕಾದುದನ್ನು ಕೇಳಿ ಬರೆದುಕೊಂಡು, ಅದಕ್ಕೆ ತಕ್ಕ ಹಣವನ್ನು ಕೂಡಿಸಿ, ಕಟ್ಟಕಡೆಗೆ ಸಾಮಾನು ಕೊಳ್ಳುವುದು ಸರಿಯಾದ ಕ್ರಮ. ಈ ಮಾರ್ಗದರ್ಶಿಯ ಹಂತಗಳೆಲ್ಲ ಆ ಕ್ರಮವನ್ನೇ ಅನುಸರಿಸುತ್ತವೆ; ಯಾವ ಹಂತವನ್ನೂ ಹಿಂದುಮುಂದು ಮಾಡಬಾರದೆಂದು ಆರಂಭದಲ್ಲಿಯೇ ಒತ್ತಿ ಹೇಳುತ್ತೇನೆ.

ಬೇಕಾಗುವ ಸಲಕರಣೆ

ದೊಡ್ಡ ಖರ್ಚಿನದು ಯಾವುದೂ ಇಲ್ಲ. ಗಟ್ಟಿ ರಟ್ಟಿನ ಮೂರು ಪುಸ್ತಕಗಳು ಬೇಕು: ಒಂದು ಮನೆಗಳ ಪಟ್ಟಿಗೆ, ಒಂದು ಹಣದ ಜಮಾ-ಖರ್ಚಿಗೆ, ಇನ್ನೊಂದು ಸಾಮಾನಿನ ದಾಸ್ತಾನಿಗೆ. ಕ್ರಮಸಂಖ್ಯೆ ಅಚ್ಚಾದ, ಕಾರ್ಬನ್ ಪ್ರತಿ ಉಳಿಯುವ ರಸೀದಿ ಪುಸ್ತಕಗಳು, ಎರಡು ಬೀಗದ ಕಾಣಿಕೆ ಪೆಟ್ಟಿಗೆ, ಒಂದು ತಕ್ಕಡಿ, ಸಭೆಯ ಮೊಹರು ಒತ್ತಿದ ಕೂಪನ್‌ಗಳು, ಸಭೆಯ ಹೆಸರಿನಲ್ಲಿಯೇ ಇರುವ ಬ್ಯಾಂಕ್ ಖಾತೆ ಮತ್ತು ಆ ಖಾತೆಗೆ ಜೋಡಿಸಿದ ಕ್ಯೂಆರ್ ಕೋಡ್ ಇದ್ದರೆ ಸಾಕು. ಖಜಾಂಚಿಯವರ ಸ್ವಂತ ಫೋನ್ ನಂಬರಿಗೆ ಹಣ ಹಾಕಿಸಿಕೊಳ್ಳುವ ರೂಢಿ ಇದ್ದರೆ ಈ ವರ್ಷವೇ ಅದನ್ನು ನಿಲ್ಲಿಸಬೇಕು. ಎಷ್ಟೇ ಪ್ರಾಮಾಣಿಕರಾದರೂ ಮನೆಯ ಹಣ ಮತ್ತು ಸಭೆಯ ಹಣ ಒಂದೇ ಖಾತೆಯಲ್ಲಿ ಸೇರಿದ ಮೇಲೆ ಲೆಕ್ಕವನ್ನು ಬಿಡಿಸಿ ತೋರಿಸುವುದು ಅವರಿಗೇ ಕಷ್ಟವಾಗುತ್ತದೆ.

ಹಂತ 1: ಅಕ್ಟೋಬರ್ ಮೊದಲ ವಾರ, ಸಮಿತಿಯ ರಚನೆ

ಐದರಿಂದ ಏಳು ಜನರ ಸಮಿತಿ ಸಾಕು. ಅದರಲ್ಲಿ ಸ್ತ್ರೀಯರ ಸಂಘದಿಂದ ಕನಿಷ್ಠ ಇಬ್ಬರು, ಯುವಜನ ಸಂಘದಿಂದ ಒಬ್ಬರು, ಸಭಾ ಹಿರಿಯರಿಂದ ಒಬ್ಬರು ಇರಬೇಕು. ಹಣ ಪಡೆಯುವವರು, ಸಾಮಾನು ಕೊಳ್ಳುವವರು, ಹಂಚುವವರು ಎಂಬ ಮೂರು ಹೊಣೆಗಳು ಮೂವರು ಬೇರೆ ಬೇರೆ ವ್ಯಕ್ತಿಗಳ ಕೈಯಲ್ಲಿರಬೇಕು. ಚಿಕ್ಕ ಸಭೆಯಲ್ಲಿ ಜನ ಸಾಲದೆ ಇದ್ದರೂ ಹಣ ಮತ್ತು ಖರೀದಿ ಮಾತ್ರ ಒಬ್ಬರ ಕೈಗೆ ಹೋಗಬಾರದು. ಸಮಿತಿಯ ನೇಮಕ, ಅದರ ಅವಧಿ, ಅದು ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ ಇವುಗಳನ್ನು ನಡಾವಳಿ ಪುಸ್ತಕದಲ್ಲಿ ನಿರ್ಣಯವಾಗಿ ಬರೆಸಬೇಕು.

ಎಲ್ಲವನ್ನೂ ಅಯ್ಯನವರ (ಸಭಾಪಾಲಕರ) ಮೇಲೆ ಹಾಕುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಡಿಸೆಂಬರಿನಲ್ಲಿ ಸಭಾಪಾಲಕರಿಗೆ ಆರಾಧನೆ, ಮನೆಭೇಟಿ, ರೋಗಿಗಳ ಸಂದರ್ಶನ, ಮೂರು ನಾಲ್ಕು ಉಪಸಭೆಗಳ ಓಡಾಟ ಇರುತ್ತದೆ. ದಿನಸಿ ಅಂಗಡಿಯ ಬಿಲ್ಲು ನೋಡುವ ಕೆಲಸ ಅವರದಾಗಬಾರದು.

ಹಂತ 2: ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮಧ್ಯದವರೆಗೆ, ಪಟ್ಟಿ ತಯಾರಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವುದು ಈ ಹಂತ, ಮತ್ತು ಸಭೆಗಳು ಒಂದೇ ಸಂಜೆಯಲ್ಲಿ ಮುಗಿಸಿಬಿಡುವುದೂ ಇದನ್ನೇ. ದೇವಾಲಯದಲ್ಲಿ ಕುಳಿತು ನೆನಪಿನಿಂದ ಹೆಸರು ಬರೆದರೆ ಪ್ರತಿ ವರ್ಷ ಪಡೆಯುವವರೇ ಈ ವರ್ಷವೂ ಪಡೆಯುತ್ತಾರೆ. ಊರಿನಲ್ಲಿ ಯಾವ ಮನೆಯಲ್ಲಿ ಒಲೆ ಹಚ್ಚುವುದು ಕಷ್ಟವಾಗಿದೆ ಎಂಬುದು ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಕಾರ್ಯಕರ್ತೆಗೆ, ನ್ಯಾಯಬೆಲೆ ಅಂಗಡಿಯವರಿಗೆ, ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಚೆನ್ನಾಗಿ ಗೊತ್ತಿರುತ್ತದೆ. ಈ ನಾಲ್ವರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಒಂದು ಹೆಸರು ಇಬ್ಬರ ಬಾಯಲ್ಲಿಯಾದರೂ ಬಂದರೆ ಆ ಮನೆಗೆ ಖುದ್ದಾಗಿ ಹೋಗಿ ನೋಡಬೇಕು.

ಮನೆಗೆ ಹೋಗುವ ಸಮಯವನ್ನು ಊರಿನ ಬೇಸಾಯ ನಿರ್ಧರಿಸುತ್ತದೆ. ನವೆಂಬರಿನಲ್ಲಿ ನಮ್ಮ ಕಡೆ ರಾಗಿ ಕೊಯ್ಲು, ಆಮೇಲೆ ಕಣದ ಕೆಲಸ. ಕೂಲಿಯವರು ಹಗಲಿನಲ್ಲಿ ಮನೆಯಲ್ಲಿ ಸಿಗುವುದಿಲ್ಲ. ಹಗಲು ಹೋದರೆ ಬಾಗಿಲು ಹಾಕಿದ ಮನೆ ಕಾಣುತ್ತದೆ, ಪಟ್ಟಿಯಿಂದ ಆ ಹೆಸರು ಬಿಟ್ಟುಹೋಗುತ್ತದೆ, ನಿಜವಾಗಿ ದುಡಿಯುವ ಬಡವರೇ ತಪ್ಪಿಹೋಗುತ್ತಾರೆ. ಸಂಜೆ ಆರರಿಂದ ಎಂಟರ ನಡುವೆ ಇಬ್ಬಿಬ್ಬರಾಗಿ, ಅವರಲ್ಲಿ ಒಬ್ಬರು ಹೆಂಗಸರಾಗಿರುವಂತೆ ಹೋಗುವುದು ಒಳ್ಳೆಯದು.

ಭಾಷೆಯನ್ನೂ ಮೊದಲೇ ಯೋಚಿಸಬೇಕು. ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಕೆಜಿಎಫ್‌ನ ಗಣಿ ಕಾಲೊನಿಗಳಲ್ಲಿ ತಮಿಳು. ಕನ್ನಡ ಬರುವವರೂ ಕಷ್ಟವನ್ನು ಹೇಳಿಕೊಳ್ಳುವುದು ಮನೆಮಾತಿನಲ್ಲಿಯೇ. ಆ ಭಾಷೆ ಆಡುವ ಒಬ್ಬರು ಪ್ರತಿ ತಂಡದಲ್ಲಿ ಇರಲೇಬೇಕು.

ಸಾಮಾನ್ಯವಾಗಿ ಪಟ್ಟಿಗೆ ಬಾರದ ಮನೆಗಳು ಕೆಲವಿವೆ. ಇಟ್ಟಿಗೆ ಗೂಡುಗಳಲ್ಲಿ ಗುಡಿಸಲು ಹಾಕಿಕೊಂಡಿರುವ, ಬೇರೆ ಜಿಲ್ಲೆ ಅಥವಾ ಬೇರೆ ರಾಜ್ಯದಿಂದ ಬಂದ ಕುಟುಂಬಗಳಿಗೆ ಇಲ್ಲಿನ ಪಡಿತರ ಚೀಟಿ ಇರುವುದು ಅಪರೂಪ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಕೆಲಸದವರಲ್ಲಿ ಆರೋಗ್ಯ ಕೆಟ್ಟು ಮನೆಯಲ್ಲಿ ಕುಳಿತವರಿರುತ್ತಾರೆ. ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿದ ಮೇಲೆ ಮಕ್ಕಳು ಬೆಂಗಳೂರಿನ ದುಡಿಮೆಗೆ ಹೋಗಿ, ವಯಸ್ಸಾದ ತಂದೆತಾಯಿ ಮಾತ್ರ ಉಳಿದ ಮನೆಗಳಿವೆ. ಅವರಲ್ಲಿ ಗಣಿಯ ಧೂಳಿನಿಂದ ಶ್ವಾಸಕೋಶ ಹಾಳಾದವರೂ ಇದ್ದಾರೆ. ಇಂಥವರ ಬಾಗಿಲಿಗೆ ಹೋಗದೆ ಪಟ್ಟಿ ಪೂರ್ಣವಾಯಿತೆಂದು ಹೇಳಬಾರದು.

ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಮನೆಯಲ್ಲಿ ಎಷ್ಟು ಜನ ಊಟ ಮಾಡುತ್ತಾರೆ, ಪಡಿತರ ಚೀಟಿ ಇದೆಯೇ, ಹಾಸಿಗೆ ಹಿಡಿದವರು ಅಥವಾ ಚಿಕ್ಕ ಮಕ್ಕಳು ಇದ್ದಾರೆಯೇ, ಈ ಚಳಿಗಾಲದಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಏನು. ಕೊನೆಯ ಪ್ರಶ್ನೆಯ ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಹೊದಿಕೆ ಬೇಕಾಗಿರುವುದೆಂದು ನಾವು ಭಾವಿಸಿದ ಮನೆಯಲ್ಲಿ ಮಗಳ ಶಾಲೆಯ ಬೂಟು, ಅಜ್ಜಿಯ ರಕ್ತದೊತ್ತಡದ ಮಾತ್ರೆ, ಸೋರುವ ಮಾಡಿಗೆ ಒಂದು ತಾಡಪಾಲು ಎಂಬ ಉತ್ತರ ಬರಬಹುದು. ಜಾತಿ, ಧರ್ಮ, ಆರಾಧನೆಗೆ ಬರುತ್ತಾರೆಯೇ ಇಲ್ಲವೇ ಎಂಬುದನ್ನು ಕೇಳಬಾರದು, ಬರೆಯಲೂಬಾರದು. ಏನೋ ಕೊಡುತ್ತೇವೆಂದು ಅಲ್ಲಿಯೇ ಮಾತು ಕೊಡುವುದೂ ತಪ್ಪು. ಹಣ ಇನ್ನೂ ಕೂಡಿಲ್ಲ.

ಪಟ್ಟಿ ಸಿದ್ಧವಾದ ಮೇಲೆ ಪಟ್ಟಣದ ಉಳಿದ ಸಭೆಗಳವರನ್ನು ಒಂದು ಸಂಜೆ ಕರೆಯಬೇಕು. ನಮ್ಮ ಎರಡೂ ಜಿಲ್ಲಾ ಕೇಂದ್ರಗಳಲ್ಲಿ ಪಂಥ ಪಂಥಗಳ ಸಭೆಗಳು ಅಕ್ಕಪಕ್ಕದಲ್ಲಿಯೇ ಇವೆ: ಕಥೋಲಿಕ ಧರ್ಮಕೇಂದ್ರ, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟ್, ಪೆಂತೆಕೋಸ್ತು. ಮನೆಗಳ ಹೆಸರು ಹೇಳುವ ಅಗತ್ಯವಿಲ್ಲ. ಯಾವ ಹಳ್ಳಿಗೆ, ಯಾವ ವಾರ್ಡಿಗೆ ಯಾರು ಹೋಗುತ್ತಾರೆ ಎಂಬುದನ್ನು ಹಂಚಿಕೊಂಡರೆ ಸಾಕು, ಒಂದೇ ಮನೆಗೆ ಮೂರು ಕಿಟ್ ಹೋಗುವುದು ಕಡಿಮೆಯಾಗುತ್ತದೆ.

ಎಚ್ಚರಿಕೆಯ ಲಕ್ಷಣಗಳು: ಪಟ್ಟಿಯ ಹೆಸರುಗಳೆಲ್ಲ ಒಬ್ಬರೇ ಹೇಳಿದವಾಗಿದ್ದರೆ, ಸಮಿತಿಯವರ ನೆಂಟರ ಮನೆಗಳು ಎದ್ದು ಕಾಣುತ್ತಿದ್ದರೆ, ಸ್ಥಳೀಯ ಮುಖಂಡರೊಬ್ಬರು ತಾವೇ ಪಟ್ಟಿ ಕೊಡುತ್ತೇನೆಂದು ಮುಂದೆ ಬಂದರೆ ಅಲ್ಲಿಗೆ ನಿಲ್ಲಿಸಿ ಮತ್ತೊಮ್ಮೆ ಪರಿಶೀಲಿಸಬೇಕು. ಊರಿನಲ್ಲಿ ಚುನಾವಣೆ ಘೋಷಣೆಯಾಗಿದ್ದರೆ ಹಂಚಿಕೆಯ ವಿಷಯವನ್ನು ತಾಲ್ಲೂಕು ಕಚೇರಿಗೆ ಲಿಖಿತವಾಗಿ ತಿಳಿಸದೆ ಮುಂದುವರಿಯಬಾರದು.

ಹಂತ 3: ನವೆಂಬರ್ ಕೊನೆಯಿಂದ ಡಿಸೆಂಬರ್ ಎರಡನೇ ಭಾನುವಾರದವರೆಗೆ, ಹಣ ಕೂಡಿಸುವುದು

ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳ) ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುತ್ತದೆ. ಅಂದಿನ ಆರಾಧನೆಯಲ್ಲಿ ಬೇಕಾದ ಮೊತ್ತವನ್ನು ಸಭೆಯ ಮುಂದೆ ಇಡಬೇಕು. "ಬಡವರಿಗಾಗಿ ಧಾರಾಳವಾಗಿ ಕೊಡಿ" ಎಂಬ ಪ್ರಕಟಣೆಗಿಂತ "ಅರವತ್ತು ಮನೆಗೆ ಬೇಳೆ, ಇಪ್ಪತ್ತೆರಡು ಮನೆಗೆ ಹೊದಿಕೆ, ಒಂಬತ್ತು ಮಕ್ಕಳಿಗೆ ಬೂಟು ಬೇಕು, ಒಟ್ಟು ಇಷ್ಟು ಆಗುತ್ತದೆ" ಎಂಬ ಪ್ರಕಟಣೆ ಜನರ ಮನಸ್ಸಿಗೆ ನೇರವಾಗಿ ಮುಟ್ಟುತ್ತದೆ. ಕೊಡುವ ಹಣ ಎಲ್ಲಿಗೆ ಹೋಗುತ್ತದೆಂದು ತಿಳಿದವರು ಕೈ ಬಿಚ್ಚಿ ಕೊಡುತ್ತಾರೆ. ಪಟ್ಟಿಯನ್ನು ಮೊದಲು ಮಾಡಬೇಕೆಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಕಾಣಿಕೆಯ ಪೆಟ್ಟಿಗೆಯನ್ನು ಆರಾಧನೆ ಮುಗಿದ ಕೂಡಲೇ ಇಬ್ಬರು ಸೇರಿ ತೆರೆದು, ಎಣಿಸಿ, ಇಬ್ಬರೂ ಸಹಿ ಹಾಕಿ, ಮಾರನೆಯ ದಿನವೇ ಬ್ಯಾಂಕಿಗೆ ಕಟ್ಟಬೇಕು. ಬಂದ ನಗದಿನಿಂದಲೇ ಅಂಗಡಿಗೆ ಕೊಟ್ಟು ಉಳಿದದ್ದನ್ನು ಮಾತ್ರ ಖಾತೆಗೆ ಹಾಕುವುದು ಬಹಳ ಕಡೆ ಇರುವ ಅಭ್ಯಾಸ. ಇದರಿಂದ ಎಷ್ಟು ಬಂತು, ಎಷ್ಟು ಹೋಯಿತು ಎಂಬುದಕ್ಕೆ ಆಧಾರವೇ ಉಳಿಯುವುದಿಲ್ಲ. ಹೆಸರು ಹೇಳಿ ಕೊಟ್ಟ ಪ್ರತಿ ಕಾಣಿಕೆಗೂ, ಅದು ಐವತ್ತು ರೂಪಾಯಿಯಾದರೂ, ರಸೀದಿ ಹರಿಯಬೇಕು. ಸುಗ್ಗಿ ಹಬ್ಬದ (ಬೆಳೆಗಾಗಿ ಸಭೆಯವರು ಕೃತಜ್ಞತೆ ಸಲ್ಲಿಸುವ ಹಬ್ಬದ) ಹರಾಜಿನ ಹಣ, ಕಟ್ಟಡ ನಿಧಿ, ಕ್ರಿಸ್ಮಸ್ ದಾನ ನಿಧಿ ಇವು ಬೇರೆ ಬೇರೆ ಪುಟಗಳಲ್ಲಿರಬೇಕು. ದಾನಕ್ಕೆಂದು ಬಂದದ್ದರಲ್ಲಿ ದೇವಾಲಯದ ದೀಪಾಲಂಕಾರಕ್ಕೆ ಒಂದು ರೂಪಾಯಿಯನ್ನೂ ತೆಗೆಯಬಾರದು.

ತೆರಿಗೆಯ ವಿಷಯದಲ್ಲಿ ತಿಳಿಯದೆ ಮಾತು ಕೊಡಬಾರದು. ಸಭೆಗೆ ಕೊಟ್ಟ ಕಾಣಿಕೆಗೆಲ್ಲ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವುದಿಲ್ಲ. ಹಣ ಪಡೆಯುವ ಸಂಸ್ಥೆಗೆ ಅದಕ್ಕೆಂದೇ ನೋಂದಣಿ ಇರಬೇಕು, ಕೊಡುವವರು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿರಬೇಕು, 2000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆಗಲೂ ರಿಯಾಯಿತಿ ಇಲ್ಲ. ಅಂಥ ನೋಂದಣಿ ನಿಮ್ಮ ಸಭೆಗೆ ಅಥವಾ ಧರ್ಮಪ್ರಾಂತ್ಯದ (ಬಿಷಪರ ಆಡಳಿತ ವ್ಯಾಪ್ತಿಯ) ಟ್ರಸ್ಟಿಗೆ ಇದೆಯೇ ಎಂದು ಕಚೇರಿಯಲ್ಲಿ ಬರಹದಲ್ಲಿ ಕೇಳಿ ತಿಳಿದ ಮೇಲೆಯೇ ದಾನಿಗಳಿಗೆ ಹೇಳಬೇಕು.

ವಿದೇಶದಿಂದ ಬರುವ ಹಣದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ನಮ್ಮ ಸಭೆಗಳ ಮಕ್ಕಳು ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ, ಆಸ್ಟ್ರೇಲಿಯದಲ್ಲಿ ಇದ್ದಾರೆ ಮತ್ತು ಕ್ರಿಸ್ಮಸ್ ಬಂತೆಂದರೆ ಊರಿನ ದೇವಾಲಯಕ್ಕೆ ಕಳುಹಿಸಲು ಬಯಸುತ್ತಾರೆ. 2010ರ ವಿದೇಶಿ ವಂತಿಗೆ ಕಾಯ್ದೆಯ ಪ್ರಕಾರ, ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡಿರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದರೆ ಅದನ್ನು ವಿದೇಶಿ ವಂತಿಗೆಯೆಂದು ಎಣಿಸುವುದಿಲ್ಲ. ಅವರೇ ಬೇರೆ ದೇಶದ ಪೌರತ್ವ ಪಡೆದಿದ್ದರೆ, ಹುಟ್ಟಿದ್ದು ಕೋಲಾರದಲ್ಲಿಯೇ ಆದರೂ, ಆ ಹಣ ವಿದೇಶಿ ವಂತಿಗೆಯಾಗುತ್ತದೆ. ಅದನ್ನು ಆ ಕಾಯ್ದೆಯಡಿ ನೋಂದಾಯಿತ ಸಂಸ್ಥೆ ಮಾತ್ರ, ಹೊಸದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ನಿಗದಿತ ಖಾತೆಯ ಮೂಲಕ ಪಡೆಯಬಹುದು. "ಅಮ್ಮನ ಖಾತೆಗೆ ಹಾಕುತ್ತೇನೆ, ಅವರು ಸಭೆಗೆ ಕೊಡಲಿ" ಎಂಬ ಸುತ್ತುದಾರಿಗೆ ಒಪ್ಪಬಾರದು. ಆ ತಾಯಿಯನ್ನೂ ಸಭೆಯನ್ನೂ ಅದು ಒಟ್ಟಿಗೆ ತೊಂದರೆಗೆ ಒಡ್ಡುತ್ತದೆ.

ಹಂತ 4: ಖರೀದಿ ಮತ್ತು ಕಟ್ಟುವುದು

ದಿನಸಿ ಕಿಟ್ ಎಂದೊಡನೆ ಅಕ್ಕಿಯ ಚೀಲ ಕಣ್ಣಿಗೆ ಬರುತ್ತದೆ. ಪಡಿತರ ಚೀಟಿ ಇರುವ ಮನೆಗೆ ಅಕ್ಕಿ ನ್ಯಾಯಬೆಲೆ ಅಂಗಡಿಯಿಂದ ಬರುತ್ತದೆ. ಆ ಮನೆಯಲ್ಲಿ ಕೊರತೆ ಇರುವುದು ಬೇಳೆಗೆ, ಎಣ್ಣೆಗೆ, ಬೆಲ್ಲಕ್ಕೆ. ಆದ್ದರಿಂದ ಎರಡು ಬಗೆಯ ಕಿಟ್ ಮಾಡಬೇಕು. ಚೀಟಿ ಇರುವ ಮನೆಗೆ ತೊಗರಿಬೇಳೆ 2 ಕೆ.ಜಿ., ಅಡುಗೆ ಎಣ್ಣೆ 1 ಲೀಟರ್, ಬೆಲ್ಲ 1 ಕೆ.ಜಿ., ಕಡಲೆಕಾಯಿ ಬೀಜ ಅರ್ಧ ಕೆ.ಜಿ., ರವೆ 1 ಕೆ.ಜಿ., ಸೋಪು ಎರಡು. ಚೀಟಿ ಇಲ್ಲದ ಮನೆಗೆ ಇದರ ಜೊತೆಗೆ ಅಕ್ಕಿ 10 ಕೆ.ಜಿ. ಮತ್ತು ರಾಗಿ ಹಿಟ್ಟು 5 ಕೆ.ಜಿ. ಅರವತ್ತು ಮನೆಗಳಿಗೆ ಬೇಳೆ 120 ಕೆ.ಜಿ., ಕಡಲೆಕಾಯಿ ಬೀಜ 30 ಕೆ.ಜಿ. ಆಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಂಡರೆ ಚಿಂತಾಮಣಿ, ಬಂಗಾರಪೇಟೆಯ ಸಗಟು ಅಂಗಡಿಗಳಲ್ಲಿ ಮೂರು ಕಡೆ ದರ ಕೇಳಲು ಬರುತ್ತದೆ. ಕೇಳಿದ ಮೂರೂ ದರಗಳನ್ನು ಬರೆದಿಡಬೇಕು, ಸಭೆಯ ಹೆಸರಿನಲ್ಲಿಯೇ ಬಿಲ್ಲು ಪಡೆಯಬೇಕು.

ಹೊದಿಕೆಯ ವಿಷಯದಲ್ಲಿ ಅತಿ ಅಗ್ಗದ್ದನ್ನು ಹೆಚ್ಚು ಸಂಖ್ಯೆಯಲ್ಲಿ ತರುವುದಕ್ಕೆ ನನ್ನ ವಿರೋಧವಿದೆ. ಬೆಳಕಿಗೆ ಹಿಡಿದರೆ ಆಚೆ ಕಾಣುವ ತೆಳು ಹೊದಿಕೆ ಡಿಸೆಂಬರಿನ ಚಳಿಗೆ ತಡೆಯಲಾರದು, ಎರಡು ಸಲ ಒಗೆದರೆ ಉಂಡೆ ಉಂಡೆಯಾಗುತ್ತದೆ. ನೂರು ಕೊಳ್ಳುವ ಮೊದಲು ಒಂದನ್ನು ತಂದು, ಒಗೆದು, ಒಣಗಿಸಿ, ಒಂದು ರಾತ್ರಿ ಹೊದ್ದು ನೋಡಬೇಕು. ಚಳ್ಳಕೆರೆ ಕಡೆಯ ಕುರಿಯ ಉಣ್ಣೆಯ ಕಂಬಳಿ ಬಹಳ ವರ್ಷ ಬಾಳುತ್ತದೆ, ನೇಯುವವರಿಗೂ ದುಡಿಮೆಯಾಗುತ್ತದೆ. ಆದರೆ ದಮ್ಮು ಇರುವವರಿಗೆ, ಗಣಿಯಲ್ಲಿ ದುಡಿದು ಉಸಿರಾಟದ ತೊಂದರೆ ಇರುವವರಿಗೆ ಅದರ ಉಣ್ಣೆಯ ಎಳೆ ಆಗಿಬರದೆ ಇರಬಹುದು, ಅಂಥವರಿಗೆ ದಪ್ಪ ಹತ್ತಿಯ ಹೊದಿಕೆ ಕೊಡಬೇಕು.

ಹಳೆಯ ಬಟ್ಟೆಗಳನ್ನು ಪಡೆಯುವುದಾದರೆ ಒಂದು ಕೊನೆಯ ದಿನವನ್ನು ಗೊತ್ತುಮಾಡಿ, ಒಗೆದು ಮಡಿಸಿದ್ದನ್ನು ಮಾತ್ರ ಸ್ವೀಕರಿಸಬೇಕು. ಗುಂಡಿ ಕಿತ್ತ ಅಂಗಿ, ಕಲೆಯಾದ ಸೀರೆ, ಬಳಸಿದ ಒಳಉಡುಪು ಬಂದರೆ ಮುಜುಗರವಿಲ್ಲದೆ ಹಿಂದಿರುಗಿಸಬೇಕು. ನಮ್ಮ ಮನೆಯ ಮಕ್ಕಳಿಗೆ ತೊಡಿಸಲಾಗದ್ದನ್ನು ಇನ್ನೊಬ್ಬರ ಮಕ್ಕಳಿಗೆ ಕೊಡುವುದು ದಾನವಲ್ಲ.

ಊಟ ಬಡಿಸುವ ಯೋಜನೆ ಇದ್ದರೆ ಸಮಯವೇ ಮುಖ್ಯ. ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿಯೇ ಇರಬೇಕು, ಇಲ್ಲವಾದರೆ ಎರಡು ಗಂಟೆಯೊಳಗೆ ಬಡಿಸಿ ಮುಗಿಸಬೇಕು. ಬೆಳಿಗ್ಗೆ ಐದಕ್ಕೆ ಮಾಡಿ ಡಬರಿಯಲ್ಲಿ ಮುಚ್ಚಿಟ್ಟ ಅನ್ನ ಮಧ್ಯಾಹ್ನ ಒಂದಕ್ಕೆ ಹಳಸಿದಂತೆ ಕಾಣದಿದ್ದರೂ ಹೊಟ್ಟೆ ಕೆಡಿಸಬಲ್ಲದು; ಮತ್ತೆ ಬಿಸಿ ಮಾಡಿದರೂ ಅನ್ನದಲ್ಲಿ ಸೇರಿದ ವಿಷ ಹೋಗುವುದಿಲ್ಲ.

ಹಂತ 5: ಹಂಚಿಕೆ

ಎಲ್ಲರಿಗೂ ಒಂದೇ ದಿನ ಹಂಚುವ ಅಗತ್ಯವಿಲ್ಲ. ಹೊದಿಕೆಗಳನ್ನು ಡಿಸೆಂಬರ್ ಮೊದಲ ವಾರದಲ್ಲಿಯೇ ಕೊಡಬೇಕು. ಚಳಿ ಹಬ್ಬಕ್ಕಾಗಿ ಕಾಯುವುದಿಲ್ಲ, ಮತ್ತು ಕ್ರೈಸ್ತರಲ್ಲದ ಮನೆಗೆ 24ನೇ ತಾರೀಖಿನಂದೇ ತಲುಪಿಸಲು ಕಾರಣವೂ ಇಲ್ಲ. ಇದಕ್ಕೆ ಬೇಕಾದ ಹಣವನ್ನು ಸುಗ್ಗಿ ಹಬ್ಬದ ಸಮಯದಲ್ಲಿಯೇ ದಾನ ನಿಧಿಗೆ ಬೇರೆಯಾಗಿ ಕೇಳಿ ಇಟ್ಟುಕೊಳ್ಳುವುದು ಅನುಕೂಲ. ದಿನಸಿಯನ್ನು ಡಿಸೆಂಬರ್ 15ರಿಂದ 21ರ ನಡುವೆ ಮುಗಿಸಬೇಕು. ಹಬ್ಬ ಮಾಡುವ ಬಡ ಮನೆಯವರಿಗೆ ಕಜ್ಜಾಯಕ್ಕೆ, ಕರ್ಜಿಕಾಯಿಗೆ ಬೆಲ್ಲ ಎಣ್ಣೆ ಮೊದಲೇ ಸಿಕ್ಕಿದ್ದರೆ ಉಪಯೋಗ. 24ರ ರಾತ್ರಿ ಸಿಕ್ಕರೆ ಹಬ್ಬದ ಅಡುಗೆಗೆ ಅದು ಒದಗುವುದಿಲ್ಲ.

ಸಾಲಿನಲ್ಲಿ ನಿಲ್ಲಿಸುವುದನ್ನು ಕೈಬಿಡಬೇಕು. ಕೂಪನ್‌ನಲ್ಲಿ ದಿನ ಮತ್ತು ಅರ್ಧ ಗಂಟೆಯ ಅವಧಿಯನ್ನು ಬರೆದು ಮೊದಲೇ ಮನೆಗೆ ಮುಟ್ಟಿಸಿದರೆ ಒಂದು ಸಲಕ್ಕೆ ಹತ್ತು ಜನರಷ್ಟೇ ಬರುತ್ತಾರೆ, ನೂಕುನುಗ್ಗಲು ಆಗುವುದಿಲ್ಲ. ವಯಸ್ಸಾದವರಿಗೆ, ಬಾಣಂತಿಯರಿಗೆ, ಹಾಸಿಗೆ ಹಿಡಿದವರಿಗೆ ಮನೆಗೇ ಒಯ್ದು ಕೊಡಬೇಕು. ವೇದಿಕೆ, ಮೈಕು, ಅತಿಥಿಗಳ ಭಾಷಣ ಯಾವುದೂ ಬೇಡ. ಪಡೆಯಲು ಬಂದ ಹೆಂಗಸನ್ನು ಒಂದು ಗಂಟೆ ಕೂರಿಸಿ, ನಾಲ್ವರು ಗಣ್ಯರ ಮಾತು ಕೇಳಿಸಿ, ಆಮೇಲೆ ಒಂದು ಚೀಲ ಕೊಡುವುದರಿಂದ ಆಕೆಯ ಅರ್ಧ ದಿನದ ಕೂಲಿ ಹೋಗಿರುತ್ತದೆ.

ಫೋಟೊ ತೆಗೆಯುವುದರ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಪಡೆಯುವವರ ಮುಖ ಕಾಣುವ ಚಿತ್ರವನ್ನು ತೆಗೆಯಬಾರದು. ದಾನಿಗಳಿಗೆ ತೋರಿಸಲು ಕಟ್ಟಿಟ್ಟ ಚೀಲಗಳ ಸಾಲು, ಕೆಲಸ ಮಾಡುತ್ತಿರುವ ಯುವಜನರ ಕೈಗಳು ಸಾಕು. ಮಕ್ಕಳ ಪಾಲನಾ ಸಂಸ್ಥೆಗೆ ಭೇಟಿ ಕೊಡುವುದಾದರೆ ಇದು ಶಿಷ್ಟಾಚಾರದ ಮಾತಾಗಿ ಉಳಿಯುವುದಿಲ್ಲ. ಆರೈಕೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳ ಗುರುತು ಬಯಲಾಗುವಂತೆ ಹೆಸರು, ಚಿತ್ರ ಪ್ರಕಟಿಸುವುದನ್ನು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸಿದೆ, ಉಲ್ಲಂಘಿಸಿದರೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಯುವಜನರು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವುದೂ ಪ್ರಕಟಣೆಯೇ ಎಂದು ಹೊರಡುವ ಮೊದಲು ತಿಳಿಸಿ ಹೇಳಬೇಕು.

ಪ್ರತಿ ದಿನದ ಕೊನೆಗೆ ದಾಸ್ತಾನು ಪುಸ್ತಕವನ್ನು ಕೂಪನ್‌ಗಳ ಜೊತೆ ತಾಳೆ ನೋಡಬೇಕು. ಎರಡಕ್ಕೂ ವ್ಯತ್ಯಾಸ ಬಂದರೆ ಅಂದು ರಾತ್ರಿಯೇ ಕಾರಣ ಹುಡುಕಬೇಕು. ವಾರದ ನಂತರ ಯಾರಿಗೂ ನೆನಪಿರುವುದಿಲ್ಲ.

ಹಂತ 6: ಸುವಾರ್ತಾ ಸೇವೆ, ಕ್ಯಾರಲ್ಸ್ ಮತ್ತು ಆಸ್ಪತ್ರೆ ಭೇಟಿ

ಇಲ್ಲಿ ಒಂದೇ ನಿಯಮವನ್ನು ಬಿಡದೆ ಪಾಲಿಸಬೇಕು: ಕೊಡುವ ಕೆಲಸ ಮತ್ತು ಸುವಾರ್ತೆ (ಯೇಸುವಿನ ಸಂದೇಶ) ಸಾರುವ ಕೆಲಸ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ನಡೆಯಬಾರದು. ಬೇಳೆಯ ಚೀಲದೊಳಗೆ ಕರಪತ್ರ ಇಡಬಾರದು, ಕೂಪನ್ ಪಡೆದವರನ್ನು ಆರಾಧನೆಗೆ ಬರಲೇಬೇಕೆಂದು ಹೇಳಬಾರದು, ಕೊಡುವ ಮುನ್ನ ಪ್ರಾರ್ಥನೆಗೆ ತಲೆಬಾಗಿಸುವಂತೆ ಕೇಳಬಾರದು. ಹಸಿದವರ ಮುಂದೆ ಷರತ್ತಿಟ್ಟರೆ ಅವರು ಕೊಡುವ ಒಪ್ಪಿಗೆಗೆ ಬೆಲೆಯಿಲ್ಲ, ನಾವು ಸಾರುವ ಪ್ರೀತಿಗೂ ಅದು ಕುಂದು. ಕಾನೂನಿನ ದೃಷ್ಟಿಯಿಂದಲೂ ಈ ಎಚ್ಚರ ಬೇಕು. ಕರ್ನಾಟಕದಲ್ಲಿ 2022ರಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು ಮತಾಂತರದ ಉದ್ದೇಶದಿಂದ ಕೊಡುವ ಉಡುಗೊರೆ, ನಗದು ಅಥವಾ ವಸ್ತು ರೂಪದ ಲಾಭವನ್ನು ಆಮಿಷದ ವ್ಯಾಖ್ಯೆಯಲ್ಲಿ ಸೇರಿಸಿದೆ. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತಾದರೂ, ಸಚಿವ ಸಂಪುಟದ ತೀರ್ಮಾನ ಮಾತ್ರದಿಂದ ಕಾಯ್ದೆ ರದ್ದಾಗುವುದಿಲ್ಲ. ಸಭೆಯ ಪಟ್ಟಿ ಪುಸ್ತಕದಲ್ಲಿ ಧರ್ಮದ ಕಾಲಂ ಇಲ್ಲದಿರುವುದು, ಹಂಚಿಕೆಯ ಜಾಗದಲ್ಲಿ ಪ್ರಸಂಗ ನಡೆಯದಿರುವುದು ನಾಳೆ ಯಾರಾದರೂ ಪ್ರಶ್ನಿಸಿದರೆ ನಮ್ಮ ಪರವಾಗಿ ನಿಲ್ಲುವ ಸಾಕ್ಷ್ಯಗಳು.

ಹಾಗಾದರೆ ಸುವಾರ್ತಾ ಸೇವೆ ಎಲ್ಲಿ ನಡೆಯಬೇಕು? ದೇವಾಲಯದ ಆವರಣದಲ್ಲಿ, ಎಲ್ಲರಿಗೂ ತೆರೆದ ಕ್ರಿಸ್ಮಸ್ ಸಂಜೆಯಲ್ಲಿ, ಭಾನುವಾರ ಶಾಲೆಯ ಮಕ್ಕಳ ನಾಟಕದಲ್ಲಿ ನಡೆಯಲಿ. ನೆರೆಯವರನ್ನು ಬರಿಗೈಯಲ್ಲಿ, ಬಾಯಿಮಾತಿನಲ್ಲಿ ಕರೆಯಬಹುದು. ಬಂದವರಿಗೆ ಕಾಫಿ ತಿಂಡಿ ಕೊಡುವುದು ಯಾವ ಮನೆಯಲ್ಲಿಯೂ ಇರುವ ಆತಿಥ್ಯ. ಬಾಗೇಪಲ್ಲಿ ಕಡೆ ಕಾರ್ಯಕ್ರಮದ ಅರ್ಧವನ್ನಾದರೂ ತೆಲುಗಿನಲ್ಲಿ ಇಡುವುದು ಒಳ್ಳೆಯದು.

ಕ್ಯಾರಲ್ಸ್ (ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡುವ) ತಂಡ ಹೊರಡುವ ಮೊದಲು ಯಾವ ದಿನ ಯಾವ ಬಡಾವಣೆ ಎಂಬ ಪಟ್ಟಿಯನ್ನು ಠಾಣೆಗೆ ಪತ್ರದ ಮೂಲಕ ತಿಳಿಸಿ, ಸ್ವೀಕೃತಿ ಪ್ರತಿ ಇಟ್ಟುಕೊಳ್ಳಬೇಕು. ಧ್ವನಿವರ್ಧಕ ಬಳಸುವುದಾದರೆ ಅನುಮತಿ ಪಡೆಯಲೇಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನನ್ನ ಸಲಹೆ ಇಷ್ಟೇ: ಒಂದು ಗಿಟಾರ್, ಒಂದು ತಬಲ ಅಥವಾ ಡೋಲಕ್ ಸಾಕು, ಮೈಕು ಬೇಡವೇ ಬೇಡ, ಒಂಬತ್ತೂವರೆಗೆ ಕೊನೆಯ ಮನೆ. ಕರೆದ ಮನೆಗೆ ಮಾತ್ರ ಹೋಗಬೇಕು. ಕ್ಯಾರಲ್ಸ್‌ನಲ್ಲಿ ಬರುವ ಕಾಣಿಕೆಗೆ ಬೇರೆಯೇ ರಸೀದಿ ಪುಸ್ತಕ ಇರಬೇಕು; ಯುವಜನರ ಜೇಬಿನಲ್ಲಿ ಉಳಿದು ಆಮೇಲೆ ತಕರಾರಾಗುವ ಹಣ ಹೆಚ್ಚಾಗಿ ಇದೇ.

ಆಸ್ಪತ್ರೆ ಭೇಟಿಗೆ ಕೋಲಾರದಲ್ಲಿ ಮೆಥೋಡಿಸ್ಟರ ಇಟಿಸಿಎಂ ಆಸ್ಪತ್ರೆ, ಚಿಕ್ಕಬಳ್ಳಾಪುರದಲ್ಲಿ ಸಿಎಸ್‌ಐ ಆಸ್ಪತ್ರೆ ಇವೆ. ಜಿಲ್ಲಾ ಆಸ್ಪತ್ರೆಗಳನ್ನೂ ಮರೆಯಬಾರದು. ಒಂದು ವಾರ ಮೊದಲು ನರ್ಸಿಂಗ್ ಮೇಲ್ವಿಚಾರಕರನ್ನು ಕಂಡು ಸಮಯ ಕೇಳಬೇಕು. ಒಂದು ವಾರ್ಡಿಗೆ ನಾಲ್ಕಕ್ಕಿಂತ ಹೆಚ್ಚು ಜನ ಬೇಡ. ಕೆಮ್ಮು, ನೆಗಡಿ, ಜ್ವರ ಇರುವವರು ಹೋಗಬಾರದು. ಸಕ್ಕರೆ ಕಾಯಿಲೆಯವರು, ಶಸ್ತ್ರಚಿಕಿತ್ಸೆಗೆ ಉಪವಾಸವಿರುವವರು ಇರುತ್ತಾರಾದ್ದರಿಂದ ಕೇಕು ಹಣ್ಣುಗಳನ್ನು ರೋಗಿಯ ಕೈಗೆ ಕೊಡದೆ ನರ್ಸ್ ಒಪ್ಪಿದ ಮೇಲೆ ಜೊತೆಗಿರುವವರಿಗೆ ಕೊಡಬೇಕು. ಎಷ್ಟೋ ವೇಳೆ ರೋಗಿಗಿಂತ ಹೆಚ್ಚು ಹಸಿದಿರುವವರು ಮಂಚದ ಪಕ್ಕದಲ್ಲಿ ನೆಲದ ಮೇಲೆ ಮಲಗುವ ಅವರ ಮನೆಯವರೇ. ಪ್ರಾರ್ಥನೆಯನ್ನು ಕೇಳಿದವರಿಗಾಗಿ ಮಾತ್ರ, ಅವರ ಮಂಚದ ಬಳಿ, ಮೆಲುದನಿಯಲ್ಲಿ ಮಾಡಬೇಕು.

ಹಂತ 7: ಲೆಕ್ಕ ಒಪ್ಪಿಸುವುದು ಮತ್ತು ಜನವರಿಯ ಭೇಟಿ

ಜನವರಿ 6ರ ಪ್ರಕಟಣೆಯ ಹಬ್ಬಕ್ಕೆ (ಜ್ಞಾನಿಗಳು ಶಿಶು ಯೇಸುವನ್ನು ಕಂಡದ್ದನ್ನು ನೆನೆಯುವ ಎಪಿಫನಿಗೆ) ಮುಂಚೆ ಜಮಾ-ಖರ್ಚನ್ನು ಮುಗಿಸಿ, ಸಮಿತಿಯ ಹೊರಗಿನ ಇಬ್ಬರಿಂದ ಪರಿಶೀಲನೆ ಮಾಡಿಸಿ, ಅದರ ಹತ್ತಿರದ ಭಾನುವಾರದ ಆರಾಧನೆಯಲ್ಲಿ ಓದಿ ಹೇಳಬೇಕು. ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು, ಎಷ್ಟು ಮನೆಗೆ ತಲುಪಿತು, ಏನು ಉಳಿದಿದೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಸೂಚನಾ ಫಲಕಕ್ಕೆ ಹಚ್ಚಬೇಕು. ಪಡೆದವರ ಹೆಸರು ಅದರಲ್ಲಿ ಇರಬಾರದು. ಕೊಟ್ಟವರ ಹೆಸರು ಮತ್ತು ಮೊತ್ತವನ್ನು ಓದುವ ಪದ್ಧತಿಯನ್ನೂ ಬಿಡುವುದು ಮೇಲು. ಹತ್ತು ರೂಪಾಯಿ ಹಾಕಿದ ವಿಧವೆಗೆ ಅದು ನೋವು ಕೊಡುತ್ತದೆ. ರಸೀದಿ ಅವರವರ ಕೈಯಲ್ಲಿ ಇದ್ದೇ ಇರುತ್ತದೆ.

ಜನವರಿ ಕೊನೆಯಲ್ಲಿ ಬರಿಗೈಯಲ್ಲಿ ಅದೇ ಮನೆಗಳಿಗೆ ಇನ್ನೊಮ್ಮೆ ಹೋಗಬೇಕು. ಕಿಟ್ ಒಂದು ತಿಂಗಳಿಗೆ ಮುಗಿಯುತ್ತದೆ, ಆದರೆ ಪಟ್ಟಿ ಮಾಡುವಾಗ ಕಂಡ ಕೆಲವು ಕೊರತೆಗಳು ವರ್ಷವಿಡೀ ಇರುವಂಥವು. ಅರವತ್ತೈದು ದಾಟಿದ ಬಡ ವೃದ್ಧರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ, ಗಂಡನನ್ನು ಕಳೆದುಕೊಂಡ ನಿರ್ಗತಿಕರಿಗೆ ವಿಧವಾ ವೇತನ ಇವೆ; ಆಧಾರ್ ಮತ್ತು ಬ್ಯಾಂಕ್ ಪುಸ್ತಕದಲ್ಲಿ ಹೆಸರಿನ ಕಾಗುಣಿತ ಬೇರೆಯಾಗಿರುವ ಕಾರಣಕ್ಕೆ, ಆದಾಯ ಪ್ರಮಾಣ ಪತ್ರ ಇಲ್ಲದ ಕಾರಣಕ್ಕೆ ಎಷ್ಟೋ ಜನರಿಗೆ ಅದು ಸಿಕ್ಕಿಲ್ಲ. ಯುವಜನ ಸಂಘದಿಂದ ಓದು ಬರಹ ಬಲ್ಲ ಇಬ್ಬರು ಅವರ ಜೊತೆ ನಾಡಕಚೇರಿಗೆ ಹೋಗಿ, ಅರ್ಜಿ ಕೊಟ್ಟು, ಸ್ವೀಕೃತಿ ಸಂಖ್ಯೆಯನ್ನು ಪಟ್ಟಿ ಪುಸ್ತಕದಲ್ಲಿ ಆ ಮನೆಯ ಎದುರು ಬರೆದಿಡಬೇಕು. ಮಂಜೂರಾಗುವವರೆಗೆ ತಿಂಗಳಿಗೊಮ್ಮೆ ವಿಚಾರಿಸುವ ಹೊಣೆಯನ್ನು ಹೆಸರು ಹಿಡಿದು ಒಬ್ಬರಿಗೆ ವಹಿಸಬೇಕು. ಪಟ್ಟಿ ಪುಸ್ತಕವನ್ನು ಬೀಗದ ಬೀರುವಿನಲ್ಲಿಟ್ಟು, ಅದರ ಕೀಲಿಯನ್ನು ಮುಂದಿನ ಅಕ್ಟೋಬರಿನಲ್ಲಿ ಹೊಸ ಸಮಿತಿಗೆ ಕಾರ್ಯದರ್ಶಿಯವರು ಸಹಿ ಪಡೆದು ಒಪ್ಪಿಸಬೇಕು.